ಕೊರಿಂಥದ ಪಂಕ್ತಿಭೇದ: ಸಮತೆ ಮತ್ತು ದೀನಭಾವಗಳನ್ನು ಕುರಿತ ಒಂದು ವಿಮರ್ಶೆ

೧

ಕ್ರೈಸ್ತಸಭೆಯ ಪ್ರಾಚೀನ ಇತಿಹಾಸವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಸಮತೆ, ದೀನಭಾವ ಎಂಬ ಎರಡು ಗುಣಗಳನ್ನು ಒಟ್ಟಿಗೆ ಹೇಳುತ್ತಾರೆ. ಆದಿಸಭೆಯು ಈ ಎರಡು ಗುಣಗಳ ಬಲದಿಂದಲೇ ಯೆಹೂದ್ಯ ಮತ್ತು ಯವನ, ಒಡೆಯ ಮತ್ತು ಆಳು ಮುಂತಾದ ಭೇದಗಳನ್ನು ಮೀರಿ ನಿಂತಿತೆಂಬುದು ಪಠ್ಯಪುಸ್ತಕಗಳಲ್ಲಿ ಸಿದ್ಧವಾಕ್ಯದಂತೆ ಬಂದುಬಿಟ್ಟಿದೆ. ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದು ಪರೀಕ್ಷೆಗೆ ಒಳಗಾಗದ ಮಾತು. ಸಮತೆಯೂ ದೀನಭಾವವೂ ಒಂದೇ ವಸ್ತುವಿನ ಎರಡು ಹೆಸರುಗಳಲ್ಲ. ಸಮತೆಯು ಇಬ್ಬರು ಮನುಷ್ಯರ ನಡುವಣ ಸಂಬಂಧ. ಅದನ್ನು ಹೊರಗಿನವನೂ ನೋಡಿ ಅಳೆಯಬಹುದು. ದೀನಭಾವವು ಒಬ್ಬನ ಅಂತಃಕರಣದ ಸ್ಥಿತಿ. ಅದನ್ನು ಅಳೆಯುವ ಮಾನದಂಡ ಇತಿಹಾಸಕಾರನ ಕೈಯಲ್ಲಿ ಇಲ್ಲ. ಒಡೆಯನು ದೀನಭಾವವನ್ನು ತಾಳಿಯೂ ಒಡೆಯನಾಗಿಯೇ ಉಳಿಯಬಹುದು. ಆಳಿನ ದೀನಭಾವವಂತೂ ಅನೇಕ ವೇಳೆ ದಾಸ್ಯದ ಇನ್ನೊಂದು ಹೆಸರೇ ಆಗಿರುತ್ತದೆ. ಹೀಗಿರುವಲ್ಲಿ, ಒಂದು ಇನ್ನೊಂದಕ್ಕೆ ಸಾಧನವಾಗುವುದು ಯಾವಾಗ, ಅಡ್ಡಿಯಾಗುವುದು ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಇದಕ್ಕಾಗಿ ನಾವು ಆರಿಸಿಕೊಂಡಿರುವ ಆಧಾರ ಚಿಕ್ಕದು: ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ, ೧೭ರಿಂದ ೩೪ರವರೆಗಿನ ೧೮ ವಚನಗಳು. ಇದನ್ನೇ ಆರಿಸಲು ಕಾರಣವುಂಟು. ಆದಿಸಭೆಯ ಆದರ್ಶವನ್ನು ಹೇಳುವ ವಾಕ್ಯಗಳು ಬೇರೆಡೆಯಲ್ಲಿ ಬೇಕಾದಷ್ಟಿವೆ. ಆದರೆ ಆ ಆದರ್ಶ ನಿತ್ಯಜೀವನದಲ್ಲಿ ಎಲ್ಲಿ ಮುರಿದುಬಿತ್ತೆಂಬುದನ್ನು ಅದೇ ಕಾಲದವನೊಬ್ಬನು, ಅದೇ ಸಭೆಗೆ, ಸಿಟ್ಟಿನಿಂದ ಬರೆದಿರುವ ದಾಖಲೆ ಅಪರೂಪ. ಇಲ್ಲಿ ಸಿದ್ಧಾಂತಕ್ಕಿಂತ ಮೊದಲು ಒಂದು ಘಟನೆಯಿದೆ. ಆ ಘಟನೆಗೆ ಕನ್ನಡದಲ್ಲಿ ಒಂದು ಹಳೆಯ ಹೆಸರೂ ಇದೆ. ಅದು ಪಂಕ್ತಿಭೇದ.

೨

ಘಟನೆಯನ್ನು ತಿಳಿಯಬೇಕಾದರೆ ನಗರವನ್ನು ತಿಳಿಯಬೇಕು. ಪ್ರಾಚೀನ ಕೊರಿಂಥವನ್ನು ರೋಮನ್ ಸೇನಾನಿ ಮುಮ್ಮಿಯಸ್ ಕ್ರಿ.ಪೂ. ೧೪೬ರಲ್ಲಿ ಹಾಳುಗೆಡವಿದನು. ಸುಮಾರು ಒಂದು ಶತಮಾನ ಕಾಲ ಪಾಳುಬಿದ್ದಂತಿದ್ದ ಆ ಸ್ಥಳದಲ್ಲಿ ಕ್ರಿ.ಪೂ. ೪೪ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಂತೆ ರೋಮನ್ ವಸಾಹತು ಸ್ಥಾಪಿತವಾಯಿತು. ಅಲ್ಲಿಗೆ ಬಂದು ನೆಲೆಸಿದವರಲ್ಲಿ ಬಿಡುಗಡೆ ಹೊಂದಿದ ದಾಸರ ಸಂಖ್ಯೆ ಹೆಚ್ಚು. ಎರಡು ಸಮುದ್ರಗಳ ನಡುವಣ ಕಿರಿದಾದ ಭೂಮಿಯ ಮೇಲೆ, ಲೆಖಾಯೊನ್ ಮತ್ತು ಕೆಂಖ್ರೆ ಎಂಬ ಎರಡು ಬಂದರುಗಳ ಆದಾಯದಿಂದ ಅದು ಬೇಗ ಶ್ರೀಮಂತವಾಯಿತು. ಹಳೆಯ ಕುಲೀನರಿಲ್ಲದ ಊರಿನಲ್ಲಿ ಹೊಸ ಹಣವೇ ಗೌರವಕ್ಕೆ ಮೂಲವಾಗುವುದು ಸಹಜ. ೧೯೨೯ರ ಉತ್ಖನನದಲ್ಲಿ ದೊರೆತ ಒಂದು ಶಾಸನದಲ್ಲಿ ಎರಸ್ತನೆಂಬುವನು ನಗರದ ಅಧಿಕಾರಪದವಿ ದೊರೆತುದಕ್ಕೆ ಪ್ರತಿಯಾಗಿ ತನ್ನ ಸ್ವಂತ ವೆಚ್ಚದಿಂದ ಕಲ್ಲುಹಾಸನ್ನು ಮಾಡಿಸಿದುದನ್ನು ಹೇಳಿದೆ. ಪೌಲನು ತನ್ನ ರೋಮಾಪುರದ ಪತ್ರಿಕೆಯಲ್ಲಿ ಹೆಸರಿಸುವ ನಗರದ ಖಜಾನೆಯ ಅಧಿಕಾರಿ ಎರಸ್ತನು ಇವನೇ ಹೌದೋ ಅಲ್ಲವೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವಿದೆ. ಇವನು ಅವನಾಗಿರದಿದ್ದರೂ ನಮ್ಮ ವಾದಕ್ಕೆ ಹಾನಿಯಿಲ್ಲ. ಕೊಡುಗೆಯನ್ನು ಕಲ್ಲಿನ ಮೇಲೆ ಕೆತ್ತಿಸಿ ಪ್ರತಿಷ್ಠೆಯನ್ನು ಗಳಿಸುವುದು ಆ ಊರಿನ ರೂಢಿಯೆಂಬುದಷ್ಟೇ ನಮಗೆ ಬೇಕಾದ ಸಂಗತಿ.

ಪೌಲನು ಕೊರಿಂಥಕ್ಕೆ ಬಂದ ಕಾಲವನ್ನು ಸಾಕಷ್ಟು ನಿಖರವಾಗಿ ಗೊತ್ತುಮಾಡಬಹುದು. ಡೆಲ್ಫಿಯಲ್ಲಿ ದೊರೆತ ಶಾಸನವೊಂದರ ಆಧಾರದಿಂದ ಗಲ್ಲಿಯೋನನು ಅಖಾಯ ಪ್ರಾಂತದ ಅಧಿಪತಿಯಾಗಿದ್ದುದು ಕ್ರಿ.ಶ. ೫೧-೫೨ರ ಸುಮಾರಿಗೆ ಎಂದು ತಿಳಿಯುತ್ತದೆ. ಪೌಲನನ್ನು ಅವನ ನ್ಯಾಯಪೀಠದ ಮುಂದೆ ನಿಲ್ಲಿಸಿದ ವಿಷಯ ಅಪೊಸ್ತಲರ ಕೃತ್ಯಗಳಲ್ಲಿದೆ. ಮೇಲೆ ಹೇಳಿದ ಪತ್ರಿಕೆಯನ್ನು ಪೌಲನು ಇದಾದ ಕೆಲವು ವರ್ಷಗಳಲ್ಲಿ ಎಫೆಸದಿಂದ ಬರೆದನು. ಆ ಸಭೆಯಲ್ಲಿ ಜ್ಞಾನಿಗಳೂ ಬಲಿಷ್ಠರೂ ಕುಲೀನರೂ ಬಹಳ ಮಂದಿ ಇಲ್ಲವೆಂದು ಅವನೇ ಹೇಳುತ್ತಾನೆ. ಬಹಳ ಮಂದಿ ಇಲ್ಲವೆಂದರೆ ಕೆಲವರಾದರೂ ಇದ್ದರೆಂದು ಅರ್ಥ. ಸಭಾಮಂದಿರದ ಅಧ್ಯಕ್ಷನಾಗಿದ್ದ ಕ್ರಿಸ್ಪ, ಇಡೀ ಸಭೆಗೆ ತನ್ನ ಮನೆಯಲ್ಲಿ ಸ್ಥಳಕೊಟ್ಟ ಗಾಯ, ತನ್ನ ಮನೆಯವರೊಡನೆ ಅಖಾಯದ ಪ್ರಥಮ ಫಲವೆನಿಸಿದ ಸ್ತೆಫನ ಇವರು ಆ ಕೆಲವರ ಸಾಲಿಗೆ ಸೇರಿದವರೆಂದು ಊಹಿಸಲು ಆಸ್ಪದವಿದೆ. ಉಳಿದವರು ಕೂಲಿಯವರು, ಕುಶಲಕರ್ಮಿಗಳು, ದಾಸರು.

೩

ಈ ಎರಡು ಬಗೆಯವರೂ ಒಂದೇ ಮನೆಯಲ್ಲಿ ಊಟಕ್ಕೆ ಸೇರಿದಾಗ ಏನಾಯಿತು? ಪತ್ರಿಕೆಯು ಹೇಳುವುದಿಷ್ಟು: ಅವರು ಕೂಡಿಬರುವುದರಿಂದ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚಾಗುತ್ತಿದೆ, ಪ್ರತಿಯೊಬ್ಬನೂ ತನ್ನ ಸ್ವಂತದ ಊಟವನ್ನು ತಾನು ಮಾಡುತ್ತಾನೆ, ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ, ಇದರಿಂದ ಏನೂ ಇಲ್ಲದವರು ನಾಚಿಕೆಪಡುವಂತಾಗುತ್ತದೆ. ಆದುದರಿಂದ ಅದು ಕರ್ತನ ಭೋಜನವೇ ಅಲ್ಲವೆಂದು ಪೌಲನು ತೀರ್ಮಾನಿಸುತ್ತಾನೆ. ವಿಧಿಯೆಲ್ಲ ನಡೆದಿತ್ತು, ರೊಟ್ಟಿ ಮುರಿಯಲಾಗಿತ್ತು, ಪಾತ್ರೆ ಕೈಯಿಂದ ಕೈಗೆ ಹೋಗಿತ್ತು. ಆದರೂ ಪಂಕ್ತಿಯಲ್ಲಿ ಭೇದವಿದ್ದುದರಿಂದ ಸಂಸ್ಕಾರವೇ ಅಸಿದ್ಧವಾಯಿತೆಂದು ಅವನ ಮತ. ಧರ್ಮಗ್ರಂಥಗಳ ಇತಿಹಾಸದಲ್ಲಿ ಇದು ಸಾಮಾನ್ಯವಾದ ಮಾತಲ್ಲ.

ಘಟನೆಯ ಸ್ವರೂಪವನ್ನು ಕುರಿತು ಎರಡು ವ್ಯಾಖ್ಯಾನಗಳಿವೆ. ಮೂಲದಲ್ಲಿರುವ ಪ್ರೊಲಂಬಾನೆಯಿನ್ ಎಂಬ ಕ್ರಿಯಾಪದಕ್ಕೆ ಮುಂಚಿತವಾಗಿ ತೆಗೆದುಕೊಳ್ಳುವುದು ಎಂಬ ಅರ್ಥವೂ ಇದೆ, ಸುಮ್ಮನೆ ತೆಗೆದುಕೊಳ್ಳುವುದು ಎಂಬ ಅರ್ಥವೂ ಇದೆ. ಪರಿಹಾರವಾಗಿ ಹೇಳಿದ ಇನ್ನೊಂದು ಕ್ರಿಯಾಪದಕ್ಕೆ ಒಬ್ಬರಿಗೊಬ್ಬರು ಕಾಯಿರಿ ಎಂದೂ ಒಬ್ಬರನ್ನೊಬ್ಬರು ಸತ್ಕರಿಸಿರಿ ಎಂದೂ ಎರಡು ಅರ್ಥಗಳು ಸಾಧ್ಯ. ಮೊದಲನೆಯ ವ್ಯಾಖ್ಯಾನದಂತೆ ಭೇದವು ಕಾಲದ್ದು. ವಾರದ ಮೊದಲನೆಯ ದಿನವು ಆಗ ವಿರಾಮದ ದಿನವಾಗಿರಲಿಲ್ಲ. ಕಾನ್‌ಸ್ಟಂಟೈನ್ ಚಕ್ರವರ್ತಿಯು ಆ ದಿನ ವಿಶ್ರಾಂತಿಯನ್ನು ವಿಧಿಸಿದುದು ಕ್ರಿ.ಶ. ೩೨೧ರಲ್ಲಿ. ಒಡೆಯನ ಕೆಲಸ ಮುಗಿಯುವವರೆಗೆ ದಾಸನು ಬರುವಂತಿರಲಿಲ್ಲ. ಅವನು ಬರುವ ಹೊತ್ತಿಗೆ ಬಿಡುವಿದ್ದವರು ಉಂಡು ಮುಗಿಸಿರುತ್ತಿದ್ದರು. ಎರಡನೆಯ ವ್ಯಾಖ್ಯಾನದಂತೆ ಭೇದವು ಎಡೆಯದು. ಎಲ್ಲರೂ ಇದ್ದಾಗಲೇ ಕೆಲವರ ಮುಂದೆ ಉತ್ತಮವಾದುದೂ ಕೆಲವರ ಮುಂದೆ ಅಲ್ಪವಾದುದೂ ಇರುತ್ತಿತ್ತು. ರೋಮನ್ ಸಮಾಜದಲ್ಲಿ ಇಂಥ ರೂಢಿಯಿದ್ದುದಕ್ಕೆ ಮಾರ್ಷಿಯಲ್ ಮತ್ತು ಜುವೆನಾಲ್ ಕವಿಗಳ ವಿಡಂಬನೆಗಳು ಸಾಕ್ಷಿಯಾಗಿವೆ. ಸ್ಥಳದ ಭೇದವೂ ಇದರೊಡನೆ ಸೇರಿರಬಹುದು. ಶ್ರೀಮಂತರ ಮನೆಯ ಭೋಜನಶಾಲೆಯಲ್ಲಿ ಮೂರು ಮಂಚಗಳಿಗೆ ಒಂಬತ್ತು ಮಂದಿ ಒರಗಿಕೊಳ್ಳುವುದು ಪದ್ಧತಿ. ಹತ್ತನೆಯವನಿಗೆ ಅಂಗಳವೇ ಗತಿ.

ಈ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ. ಯಾರು ಮೊದಲು ಉಣ್ಣುತ್ತಾರೆ, ಯಾರು ಎಲ್ಲಿ ಕುಳಿತುಕೊಳ್ಳುತ್ತಾರೆ, ಯಾರ ಎಲೆಯಲ್ಲಿ ಏನು ಬೀಳುತ್ತದೆ ಎಂಬ ಮೂರೂ ಒಂದೇ ವ್ಯವಸ್ಥೆಯ ಮೂರು ಮುಖಗಳೆಂಬುದು ನಮ್ಮ ನಾಡಿನ ಪಂಕ್ತಿಗಳನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಕೊರಿಂಥದ ಭೇದವು ಹಣ ಮತ್ತು ಬಿಡುವುಗಳನ್ನು ಅವಲಂಬಿಸಿತ್ತು. ನಮ್ಮದು ಹುಟ್ಟನ್ನೂ ಮಡಿಮೈಲಿಗೆಯನ್ನೂ ಅವಲಂಬಿಸಿತ್ತು. ಈ ವ್ಯತ್ಯಾಸ ಮುಖ್ಯವಾದುದು. ಆದರೆ ಎರಡು ಕಡೆಯೂ ಭೇದವನ್ನು ಅನುಭವಿಸಿದವನಿಗೆ ದೊರೆತ ಫಲ ಪೌಲನು ಹೇಳಿದ ಆ ನಾಚಿಕೆಯೇ.

೪

ಈ ಭಾಗವನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ಓದುವ ಪ್ರಯತ್ನ ಇಪ್ಪತ್ತನೆಯ ಶತಮಾನದ್ದು. ೧೯೦೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅಡಾಲ್ಫ್ ಡೈಸ್‌ಮನ್ ಅವರು ಈಜಿಪ್ಟಿನಲ್ಲಿ ದೊರೆತ ಪಪೈರಸ್ ಓಲೆಗಳ ಭಾಷೆಯೊಡನೆ ಹೊಸ ಒಡಂಬಡಿಕೆಯ ಭಾಷೆಯನ್ನು ಹೋಲಿಸಿ, ಆದಿಕ್ರೈಸ್ತರು ಬಹುಮಟ್ಟಿಗೆ ಕೆಳವರ್ಗದವರೆಂದು ಪ್ರತಿಪಾದಿಸಿದರು. ೧೯೬೦ರಲ್ಲಿ ಇ. ಎ. ಜಡ್ಜ್ ಅವರು ಇದನ್ನು ಪ್ರಶ್ನಿಸಿ, ನಗರದ ಉಳ್ಳವರ ಆಶ್ರಯದಲ್ಲಿ ಅವರನ್ನು ಅವಲಂಬಿಸಿದವರು ಸೇರಿ ಆದ ಗುಂಪುಗಳಿವು ಎಂದರು. ೧೯೭೪ರಲ್ಲಿ ಗೆರ್ಡ್ ಥೈಸನ್ ಅವರು ಕೊರಿಂಥದ ಭೋಜನದ ಜಗಳವನ್ನೇ ಪ್ರತ್ಯೇಕವಾಗಿ ವಿವೇಚಿಸಿ, ಅದು ಮತಸಿದ್ಧಾಂತದ ಜಗಳವಲ್ಲ, ಉಳ್ಳವರಿಗೂ ಇಲ್ಲದವರಿಗೂ ನಡುವಣ ಬಿರುಕು ಎಂದು ತೋರಿಸಿದರು. ೧೯೯೮ರಲ್ಲಿ ಜಸ್ಟಿನ್ ಮೆಗಿಟ್ ಅವರು ಮತ್ತೆ ಹಳೆಯ ಪಕ್ಷವನ್ನು ಎತ್ತಿಹಿಡಿದು, ಪೌಲನ ಸಭೆಗಳಲ್ಲಿ ಬಹುತೇಕ ಎಲ್ಲರೂ ಹೊಟ್ಟೆಪಾಡಿನ ಅಂಚಿನಲ್ಲಿ ಬದುಕುತ್ತಿದ್ದವರೇ ಎಂದು ವಾದಿಸಿದರು. ಮೆಗಿಟ್ ಅವರ ಎಚ್ಚರಿಕೆ ಉಪಯುಕ್ತವಾದುದು. ಒಂದೆರಡು ಹೆಸರುಗಳ ಆಧಾರದಿಂದ ಶ್ರೀಮಂತವರ್ಗವನ್ನು ಕಟ್ಟಲಾಗದು. ಆದರೆ ಒಬ್ಬನು ಹಸಿದಿರುವಾಗ ಇನ್ನೊಬ್ಬನು ಮತ್ತನಾಗುವಷ್ಟು ಅಂತರ ಅಲ್ಲಿದ್ದುದನ್ನು ಪತ್ರಿಕೆಯೇ ಹೇಳುತ್ತಿರುವುದರಿಂದ, ಥೈಸನ್ ಅವರ ಮೂಲ ವಿವೇಚನೆ ಇನ್ನೂ ನಿಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಥೈಸನ್ ಅವರಲ್ಲಿ ವಿಮರ್ಶೆಗೆ ಯೋಗ್ಯವಾದುದು ಅವರ ಇನ್ನೊಂದು ಮಾತು. ಪೌಲನು ಕೊಟ್ಟ ಪರಿಹಾರವನ್ನು ಅವರು ಪ್ರೇಮಪೂರ್ವಕವಾದ ಯಜಮಾನಿಕೆ ಎಂಬ ಅರ್ಥದ ಒಂದು ಪದದಿಂದ ಕರೆಯುತ್ತಾರೆ. ಈ ಕಲ್ಪನೆಗೆ ೧೯೧೨ರಲ್ಲಿ ಎರ್ನ್‌ಸ್ಟ್ ಟ್ರೋಲ್ಚ್ ಅವರು ಹಾಕಿದ ತಳಹದಿಯಿತ್ತು. ಇದರಂತೆ ಸಮಾಜದ ಮೇಲು ಕೀಳುಗಳು ಹಾಗೆಯೇ ಇರುತ್ತವೆ. ಮೇಲಿನವರು ಪ್ರೀತಿಯಿಂದಲೂ ಕೆಳಗಿನವರು ವಿಧೇಯತೆಯಿಂದಲೂ ನಡೆದುಕೊಂಡು ಅವುಗಳ ಕಾಠಿಣ್ಯವನ್ನು ಕಡಿಮೆ ಮಾಡುತ್ತಾರೆ. ಇದಕ್ಕೆ ಆಧಾರವಿಲ್ಲವೆನ್ನಲಾಗದು. ಹಸಿವಾದವನು ಮನೆಯಲ್ಲೇ ಊಟಮಾಡಲಿ ಎಂದು ಪೌಲನು ಅಧ್ಯಾಯದ ಕೊನೆಯಲ್ಲಿ ಹೇಳುತ್ತಾನೆ. ಮನೆಯಲ್ಲಿ ಊಟಮಾಡಲು ಮನೆಯೂ ಬೇಕು, ಊಟವೂ ಬೇಕು. ಆದುದರಿಂದ ಈ ಸಲಹೆ ಉಳ್ಳವರನ್ನು ಉದ್ದೇಶಿಸಿದ್ದು: ನಿಮ್ಮ ಭೋಗವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ, ಸಭೆಗೆ ತರಬೇಡಿ ಎಂದು ಅದರ ತಾತ್ಪರ್ಯ. ಸಭೆಯ ಹೊಸ್ತಿಲ ಒಳಗೆ ಸಮತೆ, ಹೊಸ್ತಿಲ ಹೊರಗೆ ಯಥಾಸ್ಥಿತಿ ಎಂಬ ವಿಭಜನೆಗೆ ಇದು ಎಡೆಮಾಡಿಕೊಟ್ಟಿತು. ಬಡವನ ನಾಚಿಕೆ ತಪ್ಪಿತು, ಹಸಿವು ತಪ್ಪಲಿಲ್ಲ.

ಆದರೂ ಥೈಸನ್ ಅವರ ಮಾತನ್ನು ಪೂರ್ತಿಯಾಗಿ ಒಪ್ಪುವುದು ನಮಗೆ ಸಾಧ್ಯವಾಗಿಲ್ಲ. ಪೌಲನು ಈ ಜಗಳದಲ್ಲಿ ಕೆಳಗಿನವರಿಗೆ ಒಂದು ಮಾತನ್ನೂ ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ತಾಳಿಕೊಳ್ಳಿರಿ ಎಂದಾಗಲಿ, ದೀನರಾಗಿರಿ ಎಂದಾಗಲಿ ಹಸಿದವರಿಗೆ ಉಪದೇಶವಿಲ್ಲ. ಛೀಮಾರಿಯೂ ಆಜ್ಞೆಯೂ ಉಂಡವರಿಗೇ ಮೀಸಲು. ಯಜಮಾನಿಕೆಯ ನೀತಿಯಲ್ಲಿ ಉಪದೇಶ ಎರಡು ಕಡೆಗೂ ಹರಿಯುತ್ತದೆ. ಇಲ್ಲಿ ಅದು ಒಂದೇ ಕಡೆಗೆ ಹರಿದಿದೆ. ಎರಡೂ ಕಡೆಗೆ ಹರಿಯುವ ಉಪದೇಶ ಹೊಸ ಒಡಂಬಡಿಕೆಯಲ್ಲಿ ಇಲ್ಲವೆಂದಲ್ಲ. ಕೊಲೊಸ್ಸೆ, ಎಫೆಸ ಪತ್ರಿಕೆಗಳಲ್ಲಿಯೂ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿಯೂ ದಾಸರು ಒಡೆಯರಿಗೆ ಅಧೀನರಾಗಿರಬೇಕೆಂಬ ವಿಧಿಯಿದೆ. ಇವುಗಳನ್ನು ಪೌಲನ ಅನಂತರದ ಕಾಲದವೆಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಕೊರಿಂಥದ ಪತ್ರಿಕೆಯನ್ನು ಆ ವಿಧಿಗಳ ಕನ್ನಡಕದಿಂದ ಓದುವುದು ಕಾಲಕ್ರಮವನ್ನು ತಲೆಕೆಳಗು ಮಾಡಿದಂತೆ.

೫

ಇನ್ನು ದೀನಭಾವದ ವಿಚಾರ. ಗ್ರೀಕ್ ಭಾಷೆಯ ತಪೆಯಿನೊಸ್ ಎಂಬ ಪದಕ್ಕೆ ಸಾಹಿತ್ಯದಲ್ಲಿ ಕೆಳಗೆ ಬಿದ್ದವನು, ಹೀನನು, ದಾಸಸ್ವಭಾವದವನು ಎಂಬುದೇ ಸಾಮಾನ್ಯ ಅರ್ಥ. ಅದು ಗುಣವಾಚಕವಾಗಿರಲಿಲ್ಲ, ನಿಂದಾವಾಚಕವಾಗಿತ್ತು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಇದರಿಂದಲೇ ಸಾಧಿತವಾದ ಪದವನ್ನು ಎಲ್ಲರೂ ಹೊಂದಬೇಕಾದ ಗುಣವೆಂದು ಬಳಸುತ್ತಾನೆ. ಕನ್ನಡ ಬೈಬಲಿನಲ್ಲಿ ಇದಕ್ಕೆ ದೀನಭಾವ ಎಂಬ ಪದವಿದೆ. ಈ ಆಯ್ಕೆ ಅರ್ಥಪೂರ್ಣವಾದುದು. ವಿನಯವೆಂದಿದ್ದರೆ ಅದು ವಿದ್ಯಾವಂತನ ಭೂಷಣವಾಗುತ್ತಿತ್ತು. ದೀನ ಎಂಬ ಮಾತು ಬಡವನನ್ನೂ ಗತಿಗೆಟ್ಟವನನ್ನೂ ನೆನಪಿಗೆ ತರುತ್ತದೆ. ಗ್ರೀಕ್ ಪದದಲ್ಲಿದ್ದ ಕೆಳಗಿನ ನೆಲದ ವಾಸನೆ ಕನ್ನಡ ಪದದಲ್ಲಿಯೂ ಉಳಿದಿದೆ. ಅದರೊಡನೆ ಅದರ ಅಪಾಯವೂ ಉಳಿದಿದೆ. ದೀನನಾಗಿಯೇ ಇರುವವನಿಗೆ ದೀನಭಾವವನ್ನು ಬೋಧಿಸುವುದರ ಅರ್ಥವೇನು?

ಮೂಲಗ್ರಂಥಗಳನ್ನು ಕ್ರಮವಾಗಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಗುರುವು ಸೊಂಟಕ್ಕೆ ಬಟ್ಟೆಯನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಅದು ದಾಸರ ಕೆಲಸ. ಪೇತ್ರನು ಅದನ್ನು ಬೇಡವೆನ್ನುತ್ತಾನೆ. ಮೇಲಿನವನು ಕೆಳಗಿಳಿದರೆ ಕೆಳಗಿನವನಿಗೂ ಮುಜುಗರವಾಗುವುದು ಭೇದದ ಸ್ವಭಾವ. ಈ ಪ್ರಸಂಗದಲ್ಲಿ ಎರಡು ಅಂಶಗಳಿವೆ. ದೀನಭಾವವು ಮೇಲಿನಿಂದ ಆರಂಭವಾಗುತ್ತದೆಂಬುದು ಒಂದು. ಶಿಷ್ಯರು ಒಬ್ಬರ ಕಾಲನ್ನೊಬ್ಬರು ತೊಳೆಯಬೇಕೆಂದು ವಿಧಿಸಿರುವುದು ಮತ್ತೊಂದು. ಎಂದರೆ ಅದು ಪರಸ್ಪರವಾದುದು. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಮೂರನೆಯ ಅಂಶ ಸ್ಪಷ್ಟವಾಗುತ್ತದೆ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನವನ್ನೂ ಹರಕುಬಟ್ಟೆಯವನಿಗೆ ಕಾಲಮಣೆಯ ಬಳಿ ನೆಲವನ್ನೂ ತೋರಿಸುವುದು ಪಕ್ಷಪಾತವೆಂದು ಅಲ್ಲಿ ಖಂಡಿಸಿದೆ. ಮನಸ್ಸಿನ ಭಾವನೆಯನ್ನು ಆಸನದ ವ್ಯವಸ್ಥೆಯಿಂದಲೇ ಅಳೆಯಲಾಗಿದೆ.

ಹೋಲಿಕೆಗಾಗಿ ಕಿರಿಯ ಪ್ಲೀನಿಯ ಒಂದು ಪತ್ರವನ್ನು ನೋಡಬಹುದು. ಅತಿಥಿಗಳ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ದ್ರಾಕ್ಷಾರಸವನ್ನು ಬಡಿಸಿದ ಒಬ್ಬನನ್ನು ಅವನು ಹಳಿದು, ತನ್ನ ಮನೆಯಲ್ಲಿ ಎಲ್ಲರಿಗೂ ಒಂದೇ ಬಗೆಯೆನ್ನುತ್ತಾನೆ. ಹಾಗಾದರೆ ಖರ್ಚು ಹೆಚ್ಚಲ್ಲವೇ ಎಂಬ ಪ್ರಶ್ನೆಗೆ, ಬಿಡುಗಡೆಯಾದ ದಾಸರು ತನ್ನ ಪಾನವನ್ನು ಕುಡಿಯುವುದಿಲ್ಲ, ತಾನೇ ಅವರ ಪಾನವನ್ನು ಕುಡಿಯುತ್ತೇನೆಂದು ಅವನ ಉತ್ತರ. ಪಂಕ್ತಿಭೇದವನ್ನು ಅಳಿಸಬೇಕೆಂಬ ವಿವೇಕ ಕ್ರೈಸ್ತರ ಸೊತ್ತು ಮಾತ್ರವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಪ್ಲೀನಿಯ ಔದಾರ್ಯ ಅವನ ಇಷ್ಟಕ್ಕೆ ಸೇರಿದ್ದು; ದಾಸನು ಅದನ್ನು ಹಕ್ಕಿನಿಂದ ಕೇಳುವಂತಿರಲಿಲ್ಲ. ಇದೇ ಪ್ಲೀನಿಯು ಬಿಥೂನಿಯದ ಅಧಿಕಾರಿಯಾಗಿ ಕ್ರಿ.ಶ. ೧೧೨ರ ಸುಮಾರಿಗೆ ಟ್ರೇಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಕ್ರೈಸ್ತರಲ್ಲಿ ಸೇವಕಿಯರೆಂಬ ಪದವಿಯುಳ್ಳ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದುದಾಗಿ ತಿಳಿಸುತ್ತಾನೆ. ದಾಸಿಯರಿಗೆ ಸಭೆಯಲ್ಲಿ ಪದವಿಯಿತ್ತು. ಇದು ಔದಾರ್ಯವಲ್ಲ, ವ್ಯವಸ್ಥೆ.

ಆದುದರಿಂದ ದೀನಭಾವವು ಸಮತೆಗೆ ಸಾಧನವಾಗಲು ಮೂರು ಲಕ್ಷಣಗಳು ಬೇಕೆಂದು ನಾವು ನಿರ್ಣಯಿಸಬಹುದು. ಅದು ಮೇಲಿನವರಿಂದ ಆರಂಭವಾಗಬೇಕು; ಪರಸ್ಪರವಾಗಿರಬೇಕು; ಮನೋಭಾವವಾಗಿ ನಿಲ್ಲದೆ ಆಸನ, ಅನ್ನ, ಪದವಿಗಳ ವ್ಯವಸ್ಥೆಯಾಗಿ ಮಾರ್ಪಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಫಲ ಕೆಡುತ್ತದೆ.

೬

ಈ ಲಕ್ಷಣಗಳನ್ನು ಭಾರತದ ಸಭೆಗಳ ಇತಿಹಾಸಕ್ಕೆ ಅನ್ವಯಿಸಿ ನೋಡುವುದು ಅಪ್ರಕೃತವಾಗಲಾರದು. ಕೊರಿಂಥದ ಅಧ್ಯಾಯವನ್ನು ಇಲ್ಲಿ ಪ್ರತಿ ಭಾನುವಾರದ ಭೋಜನಸಂಸ್ಕಾರದಲ್ಲಿ ನೆನೆಯಲಾಗುತ್ತಿತ್ತು. ಪಂಕ್ತಿಭೇದವೂ ಅದರೊಡನೆಯೇ ನಡೆಯುತ್ತಿತ್ತು.

೧೬೦೬ರಲ್ಲಿ ಮಧುರೆಗೆ ಬಂದ ರೋಬರ್ಟೋ ಡಿ ನೊಬಿಲಿ ಸಂನ್ಯಾಸಿಯ ವೇಷವನ್ನು ತಳೆದು ಮೇಲುಜಾತಿಯವರ ನಡುವೆ ಬೋಧಿಸಿದನು. ಜನಿವಾರ, ಶಿಖೆ, ಗಂಧ, ಸ್ನಾನಗಳು ಮತಚಿಹ್ನೆಗಳಲ್ಲ, ಸಾಮಾಜಿಕ ಚಿಹ್ನೆಗಳು ಎಂಬುದು ಅವನ ವಾದ. ೧೬೨೩ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿಯು ಕೆಲವು ನಿಬಂಧನೆಗಳೊಡನೆ ಇದಕ್ಕೆ ಒಪ್ಪಿಗೆ ಕೊಟ್ಟು, ಜೊತೆಗೆ ಕುಲೀನರು ದೇವಾಲಯದಲ್ಲಿ ಕೆಳಗಿನವರನ್ನು ಹೀನಾಯವಾಗಿ ಕಾಣಬಾರದೆಂದು ಕೇಳಿಕೊಂಡನು. ಒಪ್ಪಿಗೆ ವ್ಯವಸ್ಥೆಯಾಯಿತು, ಕೋರಿಕೆ ಉಪದೇಶವಾಗಿಯೇ ಉಳಿಯಿತು. ಮುಂದೆ ಬ್ರಾಹ್ಮಣಸಂನ್ಯಾಸಿಗಳ ರೀತಿಯ ಪಾದ್ರಿಗಳು ಒಂದು ಕಡೆ, ಉಳಿದ ಜಾತಿಗಳಿಗೆ ಪಂಡಾರಸ್ವಾಮಿಗಳು ಇನ್ನೊಂದು ಕಡೆ ಎಂಬ ವಿಂಗಡಣೆಯೇ ಬೆಳೆಯಿತು. ನೊಬಿಲಿಯ ತ್ಯಾಗ ಸಾಮಾನ್ಯವಾದುದಲ್ಲ. ಆದರೆ ಅವನು ಮೇಲಿನಿಂದ ಆರಂಭಿಸಿ ಮೇಲೆಯೇ ನಿಂತನು.

ಪ್ರೊಟೆಸ್ಟೆಂಟರ ದಾರಿ ಬೇರೆ. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನು ಸಭೆಯಿಂದ ಪೂರ್ಣವಾಗಿ ತೊಲಗಿಸಬೇಕೆಂದು ಆಜ್ಞಾಪಿಸಿದನು. ಆಸನಗಳು ಬೇರೆಯಾಗಕೂಡದು, ಪಾತ್ರೆಯನ್ನು ಸ್ವೀಕರಿಸುವಲ್ಲಿ ಮೊದಲು ಅನಂತರ ಎಂಬ ಕ್ರಮವಿರಕೂಡದು. ತಂಜಾವೂರು, ಮದರಾಸುಗಳಲ್ಲಿ ಅನೇಕ ಮೇಲುಜಾತಿಯ ಕ್ರೈಸ್ತರು ಸಭೆಯನ್ನು ಬಿಟ್ಟುಹೋದರು. ತಂಜಾವೂರಿನ ಕವಿ ವೇದನಾಯಕಂ ಶಾಸ್ತ್ರಿಗಳಂಥ ಭಕ್ತರೂ ಜಾತಿಯು ಲೋಕವ್ಯವಹಾರದ ವಿಷಯವೆಂಬ ಪಕ್ಷವನ್ನು ಹಿಡಿದಿದ್ದರು. ೧೮೫೦ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು ವಿಲ್ಸನನ ನಿಲುವನ್ನು ಬೆಂಬಲಿಸಿತು. ಸಹಭೋಜನವನ್ನೇ ಜಾತಿತ್ಯಾಗದ ಪರೀಕ್ಷೆಯಾಗಿ ಬಳಸುವ ಪದ್ಧತಿಯೂ ಹುಟ್ಟಿತು. ಲೈಪ್‌ಜಿಗ್ ಮಿಷನ್ನಿನ ಕಾರ್ಲ್ ಗ್ರಾಲ್ ಮಾತ್ರ ಇದನ್ನು ವಿರೋಧಿಸಿ, ಒತ್ತಾಯದ ಊಟದಿಂದ ಮನಸ್ಸು ಬದಲಾಗದೆಂದನು.

ಇಲ್ಲಿ ಯಾರು ಸರಿ? ವ್ಯವಸ್ಥೆಯಿಲ್ಲದೆ ಸಮತೆಯಿಲ್ಲ ಎಂಬುದನ್ನು ಕಂಡವನು ವಿಲ್ಸನ್. ಪರಯನಾಗಿ ಹುಟ್ಟಿದ ಕ್ರೈಸ್ತನು ಪಾತ್ರೆಗಾಗಿ ಇನ್ನೆಷ್ಟು ತಲೆಮಾರು ಕಾಯಬೇಕೆಂಬ ಪ್ರಶ್ನೆಗೆ ಗ್ರಾಲನಲ್ಲಿ ಉತ್ತರವಿರಲಿಲ್ಲ. ಆದರೆ ವಿಲ್ಸನನ ಆಜ್ಞೆ ಪರಸ್ಪರವಾಗಿರಲಿಲ್ಲ. ಅದೇ ಕಾಲದಲ್ಲಿ ಕಂಪನಿಯ ಪಟ್ಟಣಗಳಲ್ಲಿ ಯೂರೋಪಿಯನ್ನರ ಆರಾಧನೆಗೆ ಬೇರೆ ದೇವಾಲಯಗಳೂ ಬೇರೆ ಪಾದ್ರಿಗಳೂ ಇದ್ದರು. ಇಂಗ್ಲೆಂಡಿನಲ್ಲಿಯೇ ಬಾಡಿಗೆ ಕೊಟ್ಟವರಿಗೆ ಒಳ್ಳೆಯ ಆಸನ, ಬಡವರಿಗೆ ಉಚಿತ ಆಸನ ಎಂಬ ಪದ್ಧತಿಯಿತ್ತು. ತನ್ನ ಪಂಕ್ತಿಯನ್ನು ಹಾಗೆಯೇ ಇಟ್ಟುಕೊಂಡು ಇನ್ನೊಬ್ಬರ ಪಂಕ್ತಿಯನ್ನು ಒಡೆಯಲು ಹೊರಟವನ ಮಾತು ಪ್ರಭುವಿನ ಆಜ್ಞೆಯಂತೆ ಕೇಳಿಸುವುದು ಸಹಜ. ನ್ಯಾಯವಾದ ವಿಧಿಯೂ ಅದರಿಂದ ಬಲಗುಂದಿತು.

ವ್ಯವಸ್ಥೆಯ ಮಹತ್ವಕ್ಕೆ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಒಂದು ನಿದರ್ಶನ. ಅಲ್ಲಿ ೧೮೭೨ರಲ್ಲಿ ಕಟ್ಟಿದ ಕ್ಯಾಥೊಲಿಕ್ ದೇವಾಲಯಕ್ಕೆ ಒಂದೇ ಪೀಠ, ಎರಡು ಅಂಕಣ. ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ. ೧೯೧೦ರಲ್ಲಿ ಆ ಗೋಡೆಯನ್ನು ಕೆಡವಲಾಯಿತು. ಮೇಲುಜಾತಿಯವರು ತಮ್ಮ ಪ್ರತ್ಯೇಕ ಸ್ಥಾನದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದರು. ಮದರಾಸಿನ ಉಚ್ಚ ನ್ಯಾಯಾಲಯ ಅದನ್ನು ಮನ್ನಿಸಲಿಲ್ಲ. ಮೂವತ್ತೆಂಟು ವರ್ಷಗಳ ಉಪದೇಶಕ್ಕೆ ಬಗ್ಗದ ಭೇದ ಒಂದು ಗೋಡೆ ಬಿದ್ದೊಡನೆ ಮಾಯವಾಯಿತೆಂದು ನಾವು ಹೇಳುವುದಿಲ್ಲ. ಆದರೆ ಅಂದಿನಿಂದ ಭೇದಕ್ಕೆ ದೇವಾಲಯದ ಕಲ್ಲಿನ ಬೆಂಬಲ ತಪ್ಪಿತು.

೭

ಕನ್ನಡನಾಡಿನ ಕರಾವಳಿಯಲ್ಲಿ ಎರಡು ಮಾದರಿಗಳನ್ನು ಅಕ್ಕಪಕ್ಕದಲ್ಲಿ ನೋಡಬಹುದು. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮೋಣ್, ಚಾರೊಡಿ, ಶೂದಿರ್ ಎಂಬ ವಿಂಗಡಣೆ ಮತಾಂತರವಾದ ಮೇಲೂ ವಿವಾಹಸಂಬಂಧಗಳಲ್ಲಿ ಬಹುಕಾಲ ಉಳಿಯಿತು. ಬಾಸೆಲ್ ಮಿಷನ್ನಿನವರಾದರೋ ೧೮೩೪ರಲ್ಲಿ ಮಂಗಳೂರಿಗೆ ಬಂದಂದಿನಿಂದ ಸಭೆಯೊಳಗೆ ಜಾತಿಗೆ ಮನ್ನಣೆ ಕೊಡಲಿಲ್ಲ. ಅವರ ಸಭೆಗಳಲ್ಲಿ ಬಿಲ್ಲವರು ಹೆಚ್ಚು ಮಂದಿ. ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಇದೇ ಸಭೆಯ ಪಂಕ್ತಿಗೆ ಬಂದರು. ಬಾಸೆಲಿನಲ್ಲಿ ವ್ಯಾಸಂಗ ಮಾಡಿ, ಗುರುದೀಕ್ಷೆ ಪಡೆದು ಮರಳಿ, ಮಂಗಳೂರಿನ ದೇವಶಾಸ್ತ್ರ ವಿದ್ಯಾಲಯದಲ್ಲಿ ಬೋಧಕರಾದರು. ಕೊಡಗಿನ ಅಲ್ಮಂಡ ಸೋಮಯ್ಯ ೧೮೫೩ರಲ್ಲಿ ದೀಕ್ಷೆ ಹೊಂದಿ ಸ್ತೆಫನ ಎಂಬ ಹೆಸರನ್ನು ಪಡೆದರು. ಅದು ಕೊರಿಂಥದ ಆ ಮೊದಲ ಗೃಹಸ್ಥನ ಹೆಸರೇ. ಅದೇ ದಶಕದಲ್ಲಿ ಹರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದ ಮೇಲೆ, ಆ ಕಾಲದ ದಾಖಲೆಗಳು ಹೊಲೆಯರೆಂದು ಕರೆಯುವ ಜೀತದಾಳುಗಳಿಗೆ ಆನಂದಪುರವೆಂಬ ವಸತಿ ಏರ್ಪಟ್ಟಿತು. ಹೀಗೆ ಭೂಮಿಯ ಒಡೆಯರ ಕುಲದವನೂ ಭೂಮಿಗೆ ಕಟ್ಟುಬಿದ್ದವನೂ ಒಂದೇ ಸಭೆಯ ಸದಸ್ಯರಾದರು. ಮೇಲಿನಿಂದ ಆರಂಭ ಎಂಬ ಮೊದಲ ಲಕ್ಷಣ ಇಲ್ಲಿ ನಿಜವಾಗಿ ಸಿದ್ಧಿಸಿತ್ತು. ಜಾತಿಯನ್ನು ಕಳೆದುಕೊಂಡವರು ತೆತ್ತ ಬೆಲೆಯನ್ನು ಇತಿಹಾಸಕಾರನು ಅಲ್ಪವೆಂದು ಎಣಿಸಲಾಗದು.

ಆದರೆ ಇನ್ನೊಂದು ಬಗೆಯ ಮೇಲುಕೀಳು ಮೆಲ್ಲನೆ ತಲೆಯೆತ್ತಿತು. ಕುಲವೃತ್ತಿಯನ್ನೂ ಆಶ್ರಯವನ್ನೂ ಕಳೆದುಕೊಂಡ ಹೊಸ ಕ್ರೈಸ್ತರಿಗೆ ಮಿಷನ್ ನೇಯ್ಗೆಯ ಶಾಲೆಗಳನ್ನು ತೆರೆಯಿತು. ೧೮೬೫ರಲ್ಲಿ ಪ್ಲೆಬ್‌ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಇದರಿಂದ ಬದುಕು ನಡೆಯಿತು. ಬೇರೆ ಬೇರೆ ಕುಲದವರು ಒಂದೇ ಸೂರಿನ ಕೆಳಗೆ ದುಡಿದರು. ಅದರೊಡನೆ ಮಿಷನ್ನೇ ಪಾದ್ರಿ, ಮಿಷನ್ನೇ ಭೂಮಾಲಿಕ, ಮಿಷನ್ನೇ ಸಂಬಳ ಕೊಡುವ ಧಣಿ ಎಂಬ ಸ್ಥಿತಿಯೂ ಉಂಟಾಯಿತು. ಸಭೆಯ ಸಹೋದರನ ಮುಂದೆ ದೀನನಾಗುವುದಕ್ಕೂ ಧಣಿಯ ಮುಂದೆ ತಗ್ಗುವುದಕ್ಕೂ ಇರುವ ವ್ಯತ್ಯಾಸ ಅಂಥಲ್ಲಿ ಮಸುಕಾಗುತ್ತದೆ. ಥೈಸನ್ ಅವರ ಪ್ರೇಮಪೂರ್ವಕವಾದ ಯಜಮಾನಿಕೆ ಎಂಬ ಮಾತು ಕೊರಿಂಥಕ್ಕಿಂತ ಹತ್ತೊಂಬತ್ತನೆಯ ಶತಮಾನದ ಈ ಸ್ಥಿತಿಗೇ ಹೆಚ್ಚು ಒಪ್ಪುತ್ತದೆ. ಜಾತಿಯ ಪಂಕ್ತಿ ಮುರಿಯಿತು. ಕೊಡುವವನ ಮತ್ತು ಕೈಚಾಚುವವನ ಪಂಕ್ತಿ ಉಳಿಯಿತು.

೮

ಈ ಚರ್ಚೆ ಕೇವಲ ಪುರಾತನ ವಿಷಯಕ್ಕೆ ಸೇರಿದುದಲ್ಲ. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲ ಎಂಬ ಮಾತು ಆದರ್ಶವಾಗಿ ಉಚ್ಚವಾದುದು. ವಸ್ತುಸ್ಥಿತಿಯ ವರ್ಣನೆಯೆಂದು ಅದನ್ನು ತೆಗೆದುಕೊಂಡರೆ ಕೆಳಗಿನವನಿಗೇ ನಷ್ಟ. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗೆ ಮಾತ್ರ ಆ ಮಾನ್ಯತೆಯನ್ನು ಕೊಟ್ಟಿತು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ಚಮ್ಮಾರವೃತ್ತಿಯ ಸೂಸೈ ಎಂಬ ಕ್ರೈಸ್ತನು ತಂದ ಮೊಕದ್ದಮೆಯಲ್ಲಿ ೧೯೮೫ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮತಾಂತರದ ಅನಂತರವೂ ಅದೇ ಬಗೆಯ ಹೀನಸ್ಥಿತಿ ಮುಂದುವರಿದಿದೆಯೆಂಬುದಕ್ಕೆ ಸಾಕಷ್ಟು ಪ್ರಮಾಣ ಒದಗಿಲ್ಲವೆಂದು ಅವನ ಕೋರಿಕೆಯನ್ನು ತಿರಸ್ಕರಿಸಿತು. ೨೦೧೬ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು ದಲಿತರ ಸಬಲೀಕರಣದ ಧೋರಣೆಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆ ಇರುವುದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಸಭೆಗೆ ಇದಕ್ಕಿಂತ ಕಠಿಣವಾದ ದೀನಭಾವ ಬೇರೊಂದಿಲ್ಲ. ಮೇಲಿನವರು ತಮ್ಮ ದೋಷವನ್ನು ತಾವೇ ದಾಖಲೆಗೆ ಏರಿಸುವುದು ಕೆಳಗಿನವರಿಗೆ ತಾಳ್ಮೆಯನ್ನು ಬೋಧಿಸುವುದಕ್ಕಿಂತ ಬಹು ದೂರ ಮುಂದುವರಿದ ಹೆಜ್ಜೆ.

ಈ ವಿಷಯವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಉಪದೇಶಗ್ರಂಥಗಳೊಡನೆ ಬೇರೆ ಬಗೆಯ ಆಕರಗಳನ್ನೂ ನೋಡಬೇಕೆಂದು ನಮ್ಮ ಸೂಚನೆ. ದೇವಾಲಯದ ನಕ್ಷೆಯಲ್ಲಿ ಬಾಗಿಲುಗಳು ಎಷ್ಟು? ಶ್ಮಶಾನ ಒಂದೋ ಎರಡೋ? ವಿವಾಹದ ದಫ್ತರಿನಲ್ಲಿ ಯಾವ ಮನೆತನ ಯಾವ ಮನೆತನದೊಡನೆ ಸೇರಿದೆ? ಸಭೆಯ ಹಿರಿಯರ ಪಟ್ಟಿಯಲ್ಲಿ ಯಾರ ಹೆಸರಿಲ್ಲ? ಪೌಲನು ಎಫೆಸದಲ್ಲಿ ಕುಳಿತು ಕೊರಿಂಥವನ್ನು ಅಳೆದುದು ಇಂಥ ಪ್ರಶ್ನೆಗಳಿಂದಲೇ. ಆ ಸಭೆಯ ನಂಬಿಕೆಯನ್ನಾಗಲಿ ಹಾಡುಗಳನ್ನಾಗಲಿ ಅವನು ಅಲ್ಲಿ ವಿಚಾರಿಸಲಿಲ್ಲ. ಹಸಿದು ಮನೆಗೆ ಹೋದವರು ಯಾರೆಂದು ಕೇಳಿದನು. ಸಮತೆಯ ಇತಿಹಾಸವನ್ನು ಬರೆಯುವವನು ಆ ಪ್ರಶ್ನೆಯಿಂದ ಆರಂಭಿಸುವುದು ಯುಕ್ತ.